ದೂರುವವರಿಲ್ಲದ ಅನ್ಯಾಯ

ಲೋಕದಲ್ಲಿ ನಡೆಯುವ ಅನ್ಯಾಯಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಅನ್ಯಾಯಕ್ಕೆ ಗುರಿಯಾದವನು ತನಗೆ ಅನ್ಯಾಯವಾಯಿತೆಂದು ಅರಿತು, ಇಂದಲ್ಲ ನಾಳೆ ಅದನ್ನು ಬಾಯಿಬಿಟ್ಟು ಹೇಳಬಲ್ಲನಾದರೆ ಅದು ಮೊದಲನೆಯ ಬಗೆ. ಹೊಲದ ಬದುವನ್ನು ಒತ್ತಿದವನ ಮೇಲೆ, ಕೂಲಿಯನ್ನು ಕೊಡದೆ ಉಳಿಸಿಕೊಂಡವನ ಮೇಲೆ, ತೂಕದಲ್ಲಿ ಮೋಸಮಾಡಿದವನ ಮೇಲೆ ಬರುವ ದೂರುಗಳೆಲ್ಲ ಈ ಜಾತಿಗೆ ಸೇರಿದವು. ಪಂಚಾಯಿತಿಗಳೂ ನ್ಯಾಯಸ್ಥಾನಗಳೂ ಹುಟ್ಟಿದ್ದು ಇವುಗಳಿಗಾಗಿಯೇ. ಎರಡನೆಯ ಬಗೆಯ ಅನ್ಯಾಯದಲ್ಲಿ ಕಳೆದುಕೊಂಡವನಿಗೆ ತಾನು ಕಳೆದುಕೊಂಡೆನೆಂಬುದೇ ತಿಳಿಯದು. ಹೋದುದು ಏನೆಂಬುದನ್ನು ಅವನು ಎಂದೂ ಕಂಡವನಲ್ಲ. ಆದುದರಿಂದ ಅದಕ್ಕಾಗಿ ಅಳಲಾರನು, ಯಾರನ್ನೂ ಬೈಯಲಾರನು. ದೂರುವವರೇ ಇಲ್ಲದಮೇಲೆ ವಿಚಾರಿಸುವವರು ಎಲ್ಲಿಂದ ಬರಬೇಕು? ಆದರೆ ದೂರಿಲ್ಲವೆಂದ ಮಾತ್ರಕ್ಕೆ ಅನ್ಯಾಯವೂ ಇಲ್ಲವೆನ್ನಬಹುದೆ? ಈ ಪ್ರಶ್ನೆಯನ್ನು ಪರಿಶೀಲಿಸುವುದಕ್ಕೆ ದೊಡ್ಡ ರಾಜಕಾರಣವನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. ಮೂರು ವರ್ಷದ ಕೂಸಿನ ಕೈಯಲ್ಲಿರುವ ಒಂದು ಬಣ್ಣದ ಆಟಿಕೆ ಸಾಕು.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಬೆಳಗಾದರೆ ಸಾವಿರಾರು ಮನೆಗಳಲ್ಲಿ ನಡೆಯುವ ಕಾರ್ಯವೊಂದುಂಟು. ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ಕೇರಿಯಲ್ಲಾಗಲಿ, ಮಲೆ ಮಹದೇಶ್ವರನ ಬೆಟ್ಟದ ಸೀಮೆಯ ಹಳ್ಳಿಗಳಲ್ಲಾಗಲಿ, ಯಳಂದೂರಿನ ಗದ್ದೆಬಯಲಿನಲ್ಲಾಗಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಾಗಲಿ, ತಾಯಿಯು ಕೆಲಸಕ್ಕೆ ಹೊರಡುವ ಮುನ್ನ ಮಗುವನ್ನು ಅಂಗನವಾಡಿಯಲ್ಲಿ ಬಿಟ್ಟು ಹೋಗುತ್ತಾಳೆ. ಈ ಏರ್ಪಾಡು ಈ ಸೀಮೆಗೆ ಹೊಸದಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕಾಗಿ ಮೊದಲು ಆರಿಸಿದ್ದು ನೆರೆಯ ತಿರುಮಕೂಡಲು ನರಸೀಪುರವನ್ನೇ. ೨೦೨೩ರಿಂದ ಈಚೆಗೆ ಇನ್ನೂ ಎಳೆಯ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆಯತೊಡಗಿವೆ. ಪೇಟೆಗಳಲ್ಲಿ ಹಣ ತೆತ್ತು ಸೇರಿಸುವ ಶಿಶುವಿಹಾರಗಳೂ ಉಂಟು. ಎಲ್ಲಿಯಾದರೂ ಸರಿಯೆ, ಬಡತಾಯಿಯು ಯಾವ ಕರಾರನ್ನೂ ಬರೆಸಿಕೊಳ್ಳುವುದಿಲ್ಲ. “ವಸಿ ನೋಡ್ಕಳಿ ಅಕ್ಕ” ಎಂದು ಒಂದು ಮಾತು ಹೇಳಿ ಬೆನ್ನು ತಿರುಗಿಸುತ್ತಾಳೆ.

ಈ ಒಂದು ಮಾತಿನಿಂದ ಉಂಟಾಗುವ ಸಂಬಂಧವನ್ನು ಹಿಂದಿನವರು ನ್ಯಾಸವೆಂದೂ ನಿಕ್ಷೇಪವೆಂದೂ ಕರೆದರು. ಒಬ್ಬನು ನಂಬಿ ಇಟ್ಟ ಒಡವೆಯನ್ನು ಇನ್ನೊಬ್ಬನು ಕಾಪಾಡಿ, ಕೇಳಿದಾಗ ಇಟ್ಟ ಹಾಗೆಯೇ ಹಿಂದಿರುಗಿಸಬೇಕೆಂಬುದು ಅದರ ಧರ್ಮ. ಮನು, ಯಾಜ್ಞವಲ್ಕ್ಯ ಮೊದಲಾದ ಸ್ಮೃತಿಕಾರರು ಇದಕ್ಕೆ ಕೆಲವು ವಿನಾಯಿತಿಗಳನ್ನೂ ಹೇಳಿದ್ದಾರೆ. ಕಳ್ಳರು ಕದ್ದೊಯ್ದರೆ, ಪ್ರವಾಹವು ಕೊಚ್ಚಿಕೊಂಡು ಹೋದರೆ, ಬೆಂಕಿಯು ಸುಟ್ಟರೆ, ಇಟ್ಟುಕೊಂಡವನು ಅದನ್ನು ತೆರಬೇಕಾದುದಿಲ್ಲ. ಮನುಷ್ಯನ ಅರಿವಿಗೂ ಶಕ್ತಿಗೂ ಮೀರಿ ಬಂದುದಕ್ಕೆ ಮನುಷ್ಯನನ್ನು ಹೊಣೆ ಹಿಡಿಯಬಾರದೆಂಬುದು ಇದರ ತಾತ್ಪರ್ಯ. ಮಗುವು ಒಡವೆಯಲ್ಲ, ಆದರೆ ಒಡವೆಯ ವಿಷಯದಲ್ಲಿಯೇ ಇಷ್ಟು ನಿಯಮವಿರುವಾಗ ಮಗುವಿನ ವಿಷಯದಲ್ಲಿ ಎಷ್ಟಿರಬೇಕೆಂಬುದನ್ನು ಊಹಿಸಬಹುದು. ತಾಯಿಯು ಬಂದಾಗ ಮಗುವಿನ ಕೈಕಾಲುಗಳನ್ನು ತಡವಿ ನೋಡುತ್ತಾಳೆ. ಉಂಡಿತೇ ಮಲಗಿತೇ ಎಂದು ಕೇಳುತ್ತಾಳೆ. ಬಿದ್ದ ಗಾಯವು ಅವಳ ಕಣ್ಣಿಗೆ ಬೀಳುತ್ತದೆ, ಹಸಿದ ಹೊಟ್ಟೆಯು ಅವಳ ಕೈಗೆ ಸಿಕ್ಕುತ್ತದೆ. ಕಾಣದೆ ಕಳೆದುಹೋದುದನ್ನು ಅವಳು ಹೇಗೆ ಎಣಿಸಿಯಾಳು?

ಸೀಸವೆಂಬ ಲೋಹವು ಹೀಗೆ ಕಾಣದೆ ಕದಿಯುವಂಥದು. ರಸಶಾಸ್ತ್ರದವರು ಅದಕ್ಕೆ ನಾಗವೆಂದು ಹೆಸರಿಟ್ಟರು. ಅಗ್ಗವೂ ಮೃದುವೂ ಬೇಗ ಕರಗುವಂಥದೂ ಆದ ಈ ಲೋಹದ ಲವಣಗಳು ಬಣ್ಣ ಮಾಡುವವರಿಗೆ ಬಹುಕಾಲದಿಂದ ಉಪಕಾರಿಯಾಗಿವೆ. ಸೀಸದ ಸಫೇದವು ಮರದ ಮೈಯನ್ನು ಚೆನ್ನಾಗಿ ಮುಚ್ಚುತ್ತದೆ. ಸೀಸದ ಕ್ರೋಮೇಟು ಕಣ್ಣುಸೆಳೆಯುವ ಹಳದಿಯನ್ನೂ ಕಿತ್ತಳೆಯನ್ನೂ ಕೊಡುತ್ತದೆ. ಸೀಸದಿಂದಾದ ಸಿಂಧೂರವು ಕೆಂಪನ್ನು ಕೊಡುವುದಲ್ಲದೆ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತಡೆಯುತ್ತದೆ. ಎಣ್ಣೆಬಣ್ಣವು ಬೇಗ ಒಣಗಲೆಂದು ಸೀಸದ ಲವಣವನ್ನು ಬೆರೆಸುವುದುಂಟು, ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ಕಾವಿಗೆ ಕೆಡದಿರಲೆಂದು ಅದಕ್ಕೂ ಬೆರೆಸುವುದುಂಟು. ಹೀಗೆ ಮರದ ಕುದುರೆ, ಗಿಲಕಿ, ತಗಡಿನ ಬುಗುರಿ, ಮೆತ್ತನೆಯ ಬೊಂಬೆ, ಅಂಗಳದ ಕಬ್ಬಿಣದ ಉಯ್ಯಾಲೆ, ಜಾರುಬಂಡೆ, ಗೋಡೆಯ ಮೇಲೆ ಬರೆದ ಗಿಳಿ ನವಿಲುಗಳು, ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ಸೀಸವು ಅಡಗಿರಬಹುದು. ಎಲ್ಲ ಬಣ್ಣದಲ್ಲಿಯೂ ಅದು ಇದೆಯೆಂದಲ್ಲ. ಇರುವುದು ಯಾವುದು, ಇಲ್ಲದುದು ಯಾವುದು ಎಂಬುದನ್ನು ಕಣ್ಣಾಗಲಿ ಮೂಗಾಗಲಿ ಹೇಳಲಾರದೆಂಬುದೇ ಇಲ್ಲಿನ ತೊಡಕು. ನಾಲಿಗೆಯೂ ಎಚ್ಚರಿಸದು, ಸೀಸದ ಕೆಲವು ಲವಣಗಳು ಸಿಹಿಯಾಗಿಯೇ ಇರುತ್ತವೆ.

ಹಿರಿಯರು ಆಟಿಕೆಯನ್ನು ಕಣ್ಣಿನಿಂದ ನೋಡುತ್ತಾರೆ. ಎಳೆಯ ಮಗುವು ಅದನ್ನು ಬಾಯಿಂದ ಅರಿಯುತ್ತದೆ. ಅದು ಆಟಿಕೆಯನ್ನು ಚೀಪುತ್ತದೆ, ಹಲ್ಲು ಮೂಡುವಾಗ ಕಚ್ಚುತ್ತದೆ, ಉದುರಿದ ಬಣ್ಣದ ಹೊಟ್ಟು ಬೆರೆತ ಧೂಳಿನಲ್ಲಿ ಅಂಬೆಗಾಲಿಟ್ಟು ಆ ಕೈಯನ್ನೇ ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಕರುಳು ಎಷ್ಟನ್ನು ಹೀರಿಕೊಳ್ಳುವುದೋ ಅದರ ನಾಲ್ಕೈದು ಪಟ್ಟನ್ನು ಮಗುವಿನ ಕರುಳು ಹೀರಿಕೊಳ್ಳಬಲ್ಲದು. ಸೀಸವು ದೇಹದೊಳಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮಿನ ವೇಷದಲ್ಲಿ ನಡೆಯುತ್ತದೆ. ಬೆಳೆಯುವ ದೇಹವು ಅದನ್ನು ಬೇಕಾದ ವಸ್ತುವೆಂದೇ ತಿಳಿದು ಒಳಕ್ಕೆ ಕರೆದುಕೊಳ್ಳುತ್ತದೆ. ರಕ್ತದಲ್ಲಿ ಅದು ನಿಲ್ಲುವುದು ಹೆಚ್ಚುಕಡಿಮೆ ಒಂದು ತಿಂಗಳು; ಎಲುಬಿನಲ್ಲಿ ನಿಲ್ಲುವುದು ದಶಕಗಳ ಕಾಲ. ಇಂದು ಆಡುತ್ತಿರುವ ಹೆಣ್ಣುಮಗುವು ಮುಂದೆ ಬಸುರಿಯಾದಾಗ ಆ ಎಲುಬಿನಿಂದ ಹೊರಟ ಸೀಸವು ಗರ್ಭದ ಕೂಸನ್ನೂ ಮುಟ್ಟುವುದುಂಟು. ನಂಜನಗೂಡಿನ ಸ್ವಾಮಿಗೆ ನಂಜುಂಡನೆಂದು ಹೆಸರು. ಲೋಕದ ವಿಷವನ್ನು ಕುಡಿದು ಕೊರಳಿನಲ್ಲಿಯೇ ತಡೆದು ನಿಲ್ಲಿಸಿದನೆಂದು ಜನರು ಕೈಮುಗಿಯುತ್ತಾರೆ. ಮಗುವಿಗೆ ವಿಷವನ್ನು ತಡೆದು ನಿಲ್ಲಿಸುವ ಕೊರಳಿಲ್ಲ. ಅದರ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುವ ಮನೆ. ಸೀಸವು ಕೈಹಾಕುವುದು ಆ ಕಟ್ಟಡಕ್ಕೇ.

ಇದು ಯಾವಾಗ ತಿಳಿದುಬಂದಿತೆಂಬುದನ್ನು ವಿಚಾರಿಸುವುದು ಅವಶ್ಯಕ; ಏಕೆಂದರೆ ಹೊಣೆಯ ಪ್ರಶ್ನೆಯು ಅರಿವಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ೧೮೯೦ರ ದಶಕದಲ್ಲಿ ಮಕ್ಕಳು ಹೊಟ್ಟೆಶೂಲೆಯಿಂದಲೂ ಕೈಕಾಲು ಸೋತು ದೃಷ್ಟಿ ಮಂಕಾಗುವ ರೋಗದಿಂದಲೂ ನರಳುತ್ತಿದ್ದರು. ಅದು ಸೀಸದ ವಿಷವೆಂದು ಜೆಫರಿಸ್ ಟರ್ನರ್ ಮೊದಲಾದ ವೈದ್ಯರು ಗುರುತಿಸಿದರಾದರೂ ಅದು ಎಲ್ಲಿಂದ ಬರುವುದೆಂದು ತಿಳಿಯಲಿಲ್ಲ. ೧೯೦೪ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯನು ಅದರ ಮೂಲವನ್ನು ತೋರಿಸಿಕೊಟ್ಟನು. ಮಕ್ಕಳು ಆಡುತ್ತಿದ್ದ ಜಗಲಿಯ ಕಟಕಟೆಗಳಿಗೆ ಬಳಿದ ಬಣ್ಣವು ಬಿಸಿಲಿಗೆ ಪುಡಿಯಾಗಿ ಕೈಗೆ ಅಂಟುತ್ತಿತ್ತು. ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳು ಅದನ್ನು ತಿನ್ನುತ್ತಿದ್ದರು. ಅಲ್ಲಿನ ಸರಕಾರವು ಮಕ್ಕಳ ಕೈಗೆ ಎಟುಕುವೆಡೆ ಸೀಸದ ಬಣ್ಣವನ್ನು ನಿಷೇಧಿಸಿದ್ದು ೧೯೨೨ರಲ್ಲಿ. ಅರಿವಿಗೂ ಆಜ್ಞೆಗೂ ನಡುವೆ ಹದಿನೆಂಟು ವರ್ಷ ಕಳೆದುಹೋಯಿತು. ಆ ಹದಿನೆಂಟು ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಕಾಯುತ್ತ ಕೂಡಲಿಲ್ಲ, ಬೆಳೆದರು.

ಅಷ್ಟರ ಮೇಲೂ ಒಂದು ತಪ್ಪು ನಂಬಿಕೆ ಉಳಿದುಕೊಂಡಿತು. ರೋಗವು ಮೈಮೇಲೆ ತೋರಿದರೆ ಮಾತ್ರ ವಿಷ, ತೋರದಿದ್ದರೆ ಮಗುವು ಕ್ಷೇಮವಾಗಿದೆ ಎಂದು ವೈದ್ಯರೇ ಭಾವಿಸಿದ್ದರು. ಅಮೆರಿಕದ ಬಾಸ್ಟನ್ನಿನ ಬಳಿಯ ಎರಡು ಊರುಗಳ ಶಾಲೆಗಳಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯನು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಸಿ ಅವುಗಳಲ್ಲಿನ ಸೀಸವನ್ನು ಅಳೆದನು. ಕನ್ನಡನಾಡಿನಲ್ಲಿ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುವ ವಾಡಿಕೆಯುಂಟು. ಆತನಿಗೆ ಅದೇ ಹಲ್ಲು ಸಾಕ್ಷಿಯಾಯಿತು. ೧೯೭೯ರಲ್ಲಿ ಆತನು ಪ್ರಕಟಿಸಿದ ಫಲವು ಇದು: ಯಾವ ರೋಗಲಕ್ಷಣವೂ ಇಲ್ಲದೆ ಆರೋಗ್ಯವಾಗಿ ಓಡಾಡುತ್ತಿದ್ದ ಮಕ್ಕಳಲ್ಲಿಯೇ, ಹಲ್ಲಿನಲ್ಲಿ ಸೀಸವು ಹೆಚ್ಚಾಗಿದ್ದವರು ಬುದ್ಧಿಪರೀಕ್ಷೆಯಲ್ಲಿ ಕೆಲವು ಅಂಕ ಹಿಂದೆ ಬಿದ್ದರು; ಅವರ ಗಮನವು ನಿಲ್ಲುವುದಿಲ್ಲವೆಂದು ಉಪಾಧ್ಯಾಯರು ಹೇಳಿದರು. ಆಮೇಲೆ ‘ಇಷ್ಟರವರೆಗೆ ಚಿಂತೆಯಿಲ್ಲ’ ಎಂಬ ಮಿತಿಯು ಇಳಿಯುತ್ತಲೇ ಬಂದಿತು. ನೂರು ಮಿಲಿಲೀಟರು ರಕ್ತದಲ್ಲಿ ೬೦ ಮೈಕ್ರೋಗ್ರಾಂ ಎಂದು ೧೯೬೦ರ ದಶಕದಲ್ಲಿ ಅಮೆರಿಕದಲ್ಲಿದ್ದ ಮಿತಿಯು ೧೯೯೧ರಲ್ಲಿ ೧೦ಕ್ಕೂ, ೨೦೧೨ರಲ್ಲಿ ೫ಕ್ಕೂ, ೨೦೨೧ರಲ್ಲಿ ೩.೫ಕ್ಕೂ ಬಂದು ನಿಂತಿತು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟಿದ್ದರೆ ಕ್ಷೇಮವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಮಕ್ಕಳ ದೇಹವು ಈ ಅರವತ್ತು ವರ್ಷಗಳಲ್ಲಿ ಬದಲಾಗಲಿಲ್ಲ. ಹಿರಿಯರ ಅಜ್ಞಾನದ ಎಲ್ಲೆಯು ಮಾತ್ರ ಹಿಂದೆ ಸರಿಯಿತು.

ಭರತಖಂಡದಲ್ಲಿ ಈ ಅರಿವು ಹರಡಿದುದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ೧೯೯೦ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತವನ್ನು ಪರೀಕ್ಷೆಮಾಡಿಸಿತು. ನೋಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ೧೦ ಮೈಕ್ರೋಗ್ರಾಮನ್ನು ಮೀರಿದ ಸೀಸವಿದ್ದಿತು. ೧೯೯೯ರ ಫೆಬ್ರವರಿಯಲ್ಲಿ ಇದೇ ವಿಷಯವಾಗಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ನಡೆಯಿತು. ಮರುವರ್ಷ ದೇಶದಲ್ಲೆಲ್ಲ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಪರೀಕ್ಷೆಗೂ ತಿಳಿವಳಿಕೆಗೂ ಬಹುವರ್ಷ ದುಡಿದರು. ಕಾನೂನುಗಳೂ ಬಂದವು. ಮನೆಗೂ ಅಲಂಕಾರಕ್ಕೂ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮವು ೨೦೧೬ರಲ್ಲಿ ಹೊರಟು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಐ.ಎಸ್.ಐ. ಗುರುತಿಲ್ಲದ ಆಟಿಕೆಗಳನ್ನು ಮಾರಬಾರದೆಂಬ ಆಜ್ಞೆಯು ೨೦೨೧ರ ಜನವರಿ ೧ರಿಂದ ನಡೆಯುತ್ತಿದೆ. ಆದರೆ ಕಾರಖಾನೆ ಮೊದಲಾದ ಕಡೆ ಕಬ್ಬಿಣಕ್ಕೆ ಬಳಿಯುವ ಬಣ್ಣಗಳನ್ನು ಮೊದಲನೆಯ ನಿಯಮವು ಮುಟ್ಟುವುದಿಲ್ಲ. ಮೊದಲೇ ಬಳಿದ ಹಳೆಯ ಬಣ್ಣವನ್ನು ಯಾವ ಕಾನೂನೂ ಗೋಡೆಯಿಂದ ಕಿತ್ತು ತೆಗೆಯಲಾರದು. ಜಾತ್ರೆಯ ಅಂಗಡಿಯ ಸಾಲಿನಲ್ಲಿ ಹೆಸರೂ ಗುರುತೂ ಇಲ್ಲದ ಆಟಿಕೆಯನ್ನು ಕೊಳ್ಳುವವನ ಹಿಂದೆ ಕಾನೂನು ನಿಂತಿರುವುದೂ ಇಲ್ಲ. ಲೋಕದಲ್ಲಿ ಸುಮಾರು ಎಂಬತ್ತು ಕೋಟಿ ಮಕ್ಕಳ ರಕ್ತದಲ್ಲಿ ೫ ಮೈಕ್ರೋಗ್ರಾಮಿಗೆ ಮೀರಿದ ಸೀಸವಿದೆಯೆಂದು ೨೦೨೦ರಲ್ಲಿ ಯುನಿಸೆಫ್ ಸಂಸ್ಥೆಯು ಅಂದಾಜು ಮಾಡಿತು. ಎಂದರೆ ಮೂವರಲ್ಲಿ ಒಬ್ಬರು.

ಈಗ ಸ್ಮೃತಿಕಾರರ ನಿಯಮಕ್ಕೆ ಹಿಂದಿರುಗಬಹುದು. ಒಂದಾನೊಂದು ಕಾಲದಲ್ಲಿ ಸೀಸದ ಕೇಡು ಪ್ರವಾಹದಂತೆ, ಬೆಂಕಿಯಂತೆ, ಮನುಷ್ಯನ ಅರಿವಿಗೆ ಮೀರಿದುದಾಗಿತ್ತು. ಅಂದು ಮಕ್ಕಳನ್ನು ನೋಡಿಕೊಂಡವರಿಗೆ ದೋಷವಿಲ್ಲ. ಇಂದು ಆ ವಿನಾಯಿತಿಯು ಉಳಿದಿಲ್ಲ. ಅಜ್ಞಾನದಲ್ಲಿಯೂ ಎರಡುಂಟು: ಅರಿಯಲಾಗದ ಅಜ್ಞಾನವೊಂದು, ಅರಿಯಲೊಲ್ಲದ ಅಜ್ಞಾನವೊಂದು. ಮೊದಲನೆಯದು ಕ್ಷಮೆಗೆ ಅರ್ಹ. ಎರಡನೆಯದು ತಿಳಿದು ಮಾಡಿದ ತಪ್ಪಿಗೆ ಬಹು ದೂರದ್ದಲ್ಲ. ಬಾಗಿಲು ತಟ್ಟುವ ಸದ್ದನ್ನು ಕೇಳಿಯೂ ಮಲಗಿದಂತೆ ನಟಿಸುವವನು ನಿದ್ರೆಯನ್ನು ನೆವವಾಗಿ ಹೇಳಲಾಗದು.

ವಿಷವೆಂದರೇನೆಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. ೨೦೧೮ರ ಡಿಸೆಂಬರ್ ೧೪ರಂದು ಹನೂರು ಸೀಮೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಬೆರೆತ ವಿಷದಿಂದ ೧೫ಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ಮಾಡಿದವರು ಯಾರೆಂದು ಆ ದಿನ ನಾಡೆಲ್ಲ ಕೇಳಿತು. ಹಾಗೆ ಕೇಳಿದ್ದು ನ್ಯಾಯವೇ ಸರಿ. ಭಕ್ತಿಯಿಂದ ಒಡ್ಡಿದ ಕೈಗೆ ವಿಷವು ಬಿದ್ದಿತೆಂಬುದೇ ಆ ದುಃಖದ ತಿರುಳು. ಆಟಿಕೆಯ ವಿಷಯದಲ್ಲಿಯೂ ಒಡ್ಡಿದ ಕೈಯೇ, ನಂಬಿದ ಕೈಯೇ. ಆದರೆ ಇಲ್ಲಿ ಕೊಡುವವರ ಮನಸ್ಸಿನಲ್ಲಿ ಕೇಡಿಲ್ಲ, ಪ್ರೀತಿಯೇ ಇದೆ. ಸಾಯುವವರಿಲ್ಲ, ಆಸ್ಪತ್ರೆಗೆ ಓಡುವವರಿಲ್ಲ. ಆದುದರಿಂದ ‘ಯಾರು’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅಷ್ಟೇ ಅಲ್ಲ. ಹತ್ತು ವರ್ಷಗಳ ಮೇಲೆ ಆ ಮಗುವು ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಅದನ್ನು ದಡ್ಡನೆನ್ನುತ್ತಾರೆ. ಒಂದೆಡೆ ಕೂರಲಾರದಿದ್ದರೆ ತುಂಟನೆನ್ನುತ್ತಾರೆ. ಓದು ಬಿಟ್ಟರೆ ಹಣೆಯ ಬರಹವೆನ್ನುತ್ತಾರೆ. ದಡ್ಡತನವೆಲ್ಲ ಸೀಸದಿಂದ ಬಂದುದೆಂದು ಹೇಳುವುದು ಮೂಢತನವಾದೀತು. ಆದರೆ ಯಾವ ಮಗುವಿನ ಹಣೆಯ ಮೇಲೆ ಬರೆದದ್ದು ವಿಧಿ, ಯಾವುದರ ಮೇಲೆ ಬರೆದದ್ದು ಬಣ್ಣದ ಡಬ್ಬಿ ಎಂಬುದನ್ನು ಬೇರ್ಪಡಿಸಿ ಹೇಳಬಲ್ಲವರಾರೂ ಇಲ್ಲದಿರುವುದೇ ಇದರ ಘೋರ. ದೂರುವವರಿಲ್ಲದ ಅನ್ಯಾಯದಲ್ಲಿ ದೂರು ಇಲ್ಲದೆ ಹೋಗುವುದಿಲ್ಲ. ಅದು ತಿರುಗಿ ನೊಂದವನ ಮೇಲೆಯೇ ಬೀಳುತ್ತದೆ.

ಹಾಗಾದರೆ ಹೊಣೆಯು ಯಾರದು? ಅರಿವಿಗೂ ಅಧಿಕ್ಕಾರಕ್ಕೂ ತಕ್ಕಂತೆ ಅದು ಹಂಚಿಕೆಯಾಗತಕ್ಕದ್ದು. ಬಣ್ಣದ ಡಬ್ಬಿಯಲ್ಲಿ ಏನು ಬೆರೆತಿದೆಯೆಂಬುದು ಬೆರೆಸಿದವನಿಗೆ ಗೊತ್ತು. ಆದುದರಿಂದ ಮೊದಲನೆಯ ಹೊಣೆಯು ಅವನದು. ನೂರಾರು ಕೇಂದ್ರಗಳಿಗೆ ಒಟ್ಟಾಗಿ ಆಟಿಕೆ ಕೊಳ್ಳುವ ಅಧಿಕಾರಿಗೆ ಪರೀಕ್ಷೆಯ ಪತ್ರವನ್ನು ಕೇಳುವ ಬಲವುಂಟು. ಎರಡನೆಯ ಹೊಣೆಯು ಅವನದು. ಗೌರವಧನಕ್ಕೆ ದುಡಿಯುವ ಅಂಗನವಾಡಿಯ ಕಾರ್ಯಕರ್ತೆಗೆ ಬಣ್ಣ ಉದುರುವುದು ಕಾಣುತ್ತದೆಯೇ ಹೊರತು ಬಣ್ಣದೊಳಗಿನದು ಕಾಣುವುದಿಲ್ಲ. ಅವಳ ಹೊಣೆಯು ಕಂಡುದನ್ನು ಹೇಳುವಷ್ಟು. ಹೇಳಿದುದನ್ನು ಕೇಳಿಸಿಕೊಳ್ಳುವುದು ಮೇಲಿನವರ ಹೊಣೆ. ತಾಯಿಯ ಹೊಣೆಯು ಎಲ್ಲಕ್ಕಿಂತ ಕಡಿಮೆ. ಅವಳಿಗೆ ಅರಿವೂ ಇಲ್ಲ, ಆಯ್ಕೆಯೂ ಇಲ್ಲ. ಆದರೆ ಲೋಕದ ರೂಢಿಯು ಇದಕ್ಕೆ ತಲೆಕೆಳಗು. ಏನಾದರೂ ಕೆಟ್ಟರೆ ವಿಚಾರಣೆಯು ಕೆಳಗಿನ ಮೆಟ್ಟಿಲಿನಿಂದ ಹೊರಟು ಮೇಲಕ್ಕೆ ಹತ್ತುವ ಮೊದಲೇ ಆಯಾಸಗೊಂಡು ಕುಳಿತುಬಿಡುತ್ತದೆ.

ಇಲ್ಲಿ ಕೆಲವು ಆಕ್ಷೇಪಗಳು ಏಳಬಹುದು. ಹೊಟ್ಟೆಗೆ ಹಿಟ್ಟಿಲ್ಲದ ಮಕ್ಕಳಿರುವ ನಾಡಿನಲ್ಲಿ ಆಟಿಕೆಯ ಬಣ್ಣದ ಚರ್ಚೆಯು ಉಳ್ಳವರ ವಿಲಾಸವಲ್ಲವೇ ಎಂಬುದು ಮೊದಲನೆಯದು. ಹಸಿವೂ ಸೀಸವೂ ಬೇರೆ ಬೇರೆಯಾಗಿದ್ದರೆ ಈ ಮಾತು ನಿಲ್ಲುತ್ತಿತ್ತು. ಕಬ್ಬಿಣದ ಸತ್ತ್ವವೂ ಸುಣ್ಣದ ಅಂಶವೂ ಕಡಿಮೆಯಾದ ದೇಹವು ಸೀಸವನ್ನು ಇನ್ನಷ್ಟು ಆತುರದಿಂದ ಹೀರಿಕೊಳ್ಳುತ್ತದೆಯೆಂಬುದು ದೃಢಪಟ್ಟ ವಿಷಯ. ಒಂದೇ ಆಟಿಕೆಯನ್ನು ಚೀಪಿದ ಇಬ್ಬರು ಮಕ್ಕಳಲ್ಲಿ ಹೆಚ್ಚು ಕೇಡು ತಗಲುವುದು ಹಸಿದ ಮಗುವಿಗೆ. ಬಡವರ ಮಗುವಿಗೆ ಎರಡು ಸಲ ಅನ್ಯಾಯವಾಗುವ ಕಡೆ ಒಂದನ್ನು ವಿಲಾಸವೆಂದು ತಳ್ಳಿಹಾಕುವುದು ಹೇಗೆ? ಅದೇ ಕಾರಣದಿಂದ ಈ ಸೀಮೆಯ ರಾಗಿಯೂ ಸೊಪ್ಪೂ, ಅಂಗನವಾಡಿಯಲ್ಲಿ ಕೊಡುವ ಹಾಲೂ ಮೊಟ್ಟೆಯೂ ಹೊಟ್ಟೆ ತುಂಬಿಸುವುದರ ಜೊತೆಗೆ ಕಾವಲನ್ನೂ ಕಾಯುತ್ತವೆ.

ಕೆಲವು ಅಂಕ ಕಡಿಮೆಯಾದರೆ ಏನು ಮುಳುಗಿತು ಎಂಬುದು ಎರಡನೆಯ ಆಕ್ಷೇಪ. ಬುದ್ಧಿಯು ಬಹಳವಾಗಿರುವ ಮಗುವಿಗೆ ಬಹುಶಃ ಏನೂ ಮುಳುಗದು. ಆದರೆ ದಡದ ಅಂಚಿನಲ್ಲಿ ನಿಂತಿರುವ ಮಗುವೊಂದಿರುತ್ತದೆ. ಒಂದು ಮೆಟ್ಟು ಮುಂದಿದ್ದರೆ ದಾಟುತ್ತಿತ್ತು, ಹಿಂದಾದುದರಿಂದ ಉಳಿಯಿತು. ಅದು ಯಾವ ಮಗುವೆಂದು ಮೊದಲೇ ಹೇಳಬಲ್ಲವರಾರು? ಹೇಳಲಾಗದಿದ್ದರೆ ಪ್ರತಿಯೊಂದು ಮಗುವನ್ನೂ ಆ ಮಗುವೆಂದೇ ಎಣಿಸಿ ನಡೆಯತಕ್ಕದ್ದು. ಅಲ್ಲದೆ, ಮನುಷ್ಯನ ಬೆಲೆಯು ಬುದ್ಧಿಯ ಅಂಕದಲ್ಲಿಲ್ಲ ನಿಜ. ಆದರೆ ತನ್ನದಾದುದು ಸ್ವಲ್ಪವೇ ಆಗಲಿ, ಅದನ್ನು ಕೇಳದೆ ಕಿತ್ತುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ಅಪಾಯ. ಈ ಮಾತನ್ನೆಲ್ಲ ಕೇಳಿ ಹೆದರಿದವರು ಆಟಿಕೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಹಾಕಿಬಿಡಬಹುದು. ಅದು ಒಂದು ಕೇಡನ್ನು ಇನ್ನೊಂದರಿಂದ ತೊಡೆದಂತಾಗುತ್ತದೆ. ಮಗುವಿಗೆ ಆಟವೆಂಬುದು ಬಿಡುವಿನ ಕೆಲಸವಲ್ಲ; ಅದು ಅದರ ದುಡಿಮೆ, ಅದರ ವಿದ್ಯೆ. ಆಡದ ಮಗುವಿನ ಮಿದುಳೂ ಬಡವಾಗುತ್ತದೆ. ಆದುದರಿಂದ ಧರ್ಮವು ಆಟವನ್ನು ತಡೆಯುವುದರಲ್ಲಿಲ್ಲ, ಆಟದ ಸಾಮಾನನ್ನು ಶುದ್ಧಮಾಡುವುದರಲ್ಲಿದೆ.

ಶುದ್ಧಮಾಡುವುದಕ್ಕೆ ದೊಡ್ಡ ಐಶ್ವರ್ಯವೇನೂ ಬೇಡ. ಬಣ್ಣ ಸಿಪ್ಪೆಯೇಳುತ್ತಿರುವ ಆಟಿಕೆಯನ್ನು ತೆಗೆದಿಡುವುದು. ಅದನ್ನು ಸುಡದಿರುವುದು, ಒಣಗಿದ ಬಣ್ಣವನ್ನು ಕೆರೆಯದಿರುವುದು, ಏಕೆಂದರೆ ಹೊಗೆಯೂ ಪುಡಿಯೂ ವಿಷವನ್ನು ಮತ್ತಷ್ಟು ಹರಡುತ್ತವೆ. ನೆಲವನ್ನು ಒಣಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವುದಕ್ಕಿಂತ ಒದ್ದೆಬಟ್ಟೆಯಿಂದ ಒರಸುವುದು. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಸುವುದು. ಕೊಳ್ಳುವಾಗ ಗುರುತನ್ನು ನೋಡುವುದು. ಇವೆಲ್ಲ ಇಂದೇ ಮಾಡಬಹುದಾದುವು. ಆಟಿಕೆಯಲ್ಲಿ ಸೀಸವುಂಟೇ ಇಲ್ಲವೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಹೇಳುವ, ಕೈಯಲ್ಲಿ ಹಿಡಿಯುವಂಥ ಎಕ್ಸ್-ಕಿರಣದ ಉಪಕರಣಗಳು ಇವೆ. ಅಂಥದೊಂದನ್ನು ಜಿಲ್ಲೆಗೊಂದರಂತೆ ಇಟ್ಟು ವರ್ಷಕ್ಕೊಮ್ಮೆ ಕೇಂದ್ರದಿಂದ ಕೇಂದ್ರಕ್ಕೆ ಕೊಂಡೊಯ್ಯುವುದು ಸರಕಾರಕ್ಕೆ ಅಸಾಧ್ಯವಾದ ಕಾರ್ಯವಲ್ಲ.

ಬಣ್ಣವಿಲ್ಲದೆ ಮಕ್ಕಳು ಆಡುವರೇ ಎಂದು ಕೇಳುವವರಿಗೆ ಉತ್ತರವು ಕೊಳ್ಳೇಗಾಲದಿಂದ ಮಳವಳ್ಳಿ, ಮದ್ದೂರುಗಳ ದಾರಿಯಲ್ಲಿ ಒಂದು ದಿನದೊಳಗೆ ಹೋಗಿಬರಬಹುದಾದ ಚನ್ನಪಟ್ಟಣದಲ್ಲಿದೆ. ಅಲ್ಲಿ ಆಲೆಮರದ ತುಂಡನ್ನು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗನ್ನು ಅದಕ್ಕೆ ಒತ್ತಿ, ಗರಿಯಿಂದ ಉಜ್ಜಿ ಹೊಳಪೇರಿಸುತ್ತಾರೆ. ಆ ಬಣ್ಣವನ್ನು ಅರಿಸಿನ, ನೀಲಿ ಮೊದಲಾದ ಗಿಡಮೂಲದ ವಸ್ತುಗಳಿಂದ ಪಡೆಯುವ ಪದ್ಧತಿಯುಂಟು. ಕೊಳ್ಳೇಗಾಲದ ಸೀಮೆಯ ಹೊಲಗಳಲ್ಲಿಯೇ ಅರಿಸಿನವು ಬೆಳೆಯುತ್ತದೆ. ಹಳದಿಗಾಗಿ ಸೀಸದ ಕ್ರೋಮೇಟನ್ನು ಹುಡುಕಬೇಕಾದ ಅಗತ್ಯವು ಈ ನಾಡಿಗಿಲ್ಲ. ಚನ್ನಪಟ್ಟಣದ ಬೊಂಬೆಗೆ ೨೦೦೫-೦೬ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಇಲ್ಲಿಯೂ ಎಚ್ಚರವು ಬೇಕು. ಕೈಕೆಲಸವೆಂದ ಮಾತ್ರಕ್ಕೆ, ನಿಸರ್ಗದ್ದೆಂದ ಮಾತ್ರಕ್ಕೆ ಒಂದು ವಸ್ತುವು ನಿರ್ದೋಷವಾಗುವುದಿಲ್ಲ. ಸೀಸವೂ ಭೂಮಿಯಿಂದಲೇ ಬಂದುದು. ನೋಂದಾಯಿತ ಕುಶಲಕರ್ಮಿಗಳ ಕೆಲಸಕ್ಕೆ ಐ.ಎಸ್.ಐ. ಗುರುತಿನ ಕಡ್ಡಾಯದಿಂದ ವಿನಾಯಿತಿಯಿದೆ. ಅಲ್ಲಿ ಮುದ್ರೆಯ ಸ್ಥಾನದಲ್ಲಿ ಮಾಡಿದವನ ಮಾತು ನಿಲ್ಲಬೇಕು. ಕೊಳ್ಳುವವನು ಕೇಳಿದರೆ ತಾನೆ ಆ ಮಾತು ಹೊರಡುವುದು!

ಇಷ್ಟನ್ನು ನೋಡಿದಮೇಲೆ ಆರಂಭದ ಪ್ರಶ್ನೆಗೆ ಸಮಾಧಾನವು ದೊರೆಯುತ್ತದೆ. ದೂರು ಇದ್ದಲ್ಲಿ ನ್ಯಾಯವನ್ನು ಕೊಡುವುದು ಸುಲಭವಲ್ಲದಿದ್ದರೂ ಅದರ ದಾರಿಯು ಗೊತ್ತಿದೆ: ಒಬ್ಬನು ಹೇಳುತ್ತಾನೆ, ಇನ್ನೊಬ್ಬನು ಕೇಳುತ್ತಾನೆ. ದೂರಿಲ್ಲದಲ್ಲಿ ಕೇಳುವವನೇ ಹೇಳುವವನ ಕೆಲಸವನ್ನೂ ಮಾಡಬೇಕಾಗುತ್ತದೆ. ಆದುದರಿಂದ ದೂರುವವರಿಲ್ಲದ ಅನ್ಯಾಯದಲ್ಲಿ ಬಲ್ಲವರ ಹೊಣೆಯು ಹಗುರವಾಗುವುದಿಲ್ಲ, ಇಮ್ಮಡಿಯಾಗುತ್ತದೆ. ಮಗುವನ್ನು ವಹಿಸಿಕೊಂಡವರು ಅದರ ಕೈಕಾಲುಗಳನ್ನೂ ಹಸಿವನ್ನೂ ಮಾತ್ರವಲ್ಲ, ಅದು ಮುಂದೆ ಏನಾಗಬಹುದಾಗಿತ್ತೋ ಅದನ್ನೂ ವಹಿಸಿಕೊಂಡಿದ್ದಾರೆ. ಅದನ್ನು ಮಗುವು ತಾನಾಗಿ ಎಂದೂ ಹಿಂದಕ್ಕೆ ಕೇಳಲಾರದು. ಯಳಂದೂರಿನ ಸಂತೆಯಲ್ಲೋ ಬೆಟ್ಟದ ಜಾತ್ರೆಯಲ್ಲೋ ಕೊಳ್ಳೇಗಾಲದ ಅಂಗಡಿಯಲ್ಲೋ ಒಂದು ಗಿಲಕಿಯನ್ನು ಕೈಗೆತ್ತಿಕೊಂಡು “ಇದರ ಬಣ್ಣ ಯಾತರದಪ್ಪ?” ಎಂದು ಒಬ್ಬ ಗಿರಾಕಿಯು ಕೇಳಿದರೆ ಮಾರುವವನು ನಗಬಹುದು. ಹತ್ತನೆಯವನು ಕೇಳಿದರೆ ನಗಲಾರನು. ತನಗೆ ಸರಕು ಕೊಟ್ಟವನನ್ನು ಹೋಗಿ ಕೇಳುವನು. ಮಗುವು ಕೇಳಲಾರದ ಪ್ರಶ್ನೆಯು ಬಣ್ಣ ಬೆರೆಸಿದವನ ಬಾಗಿಲಿಗೆ ಹೋಗಿ ಮುಟ್ಟುವುದು ಹಾಗೆ.